ಗಾಜಿನೊಳಗಿನ ಬೂಟು

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಹೆಡ್‌ಮೇಷ್ಟ್ರು ಠಾಣೆಯ ಮೆಟ್ಟಿಲು ಹತ್ತಿದರು. ಕೆಲಸದಿಂದ ನಿವೃತ್ತರಾಗಿ ಒಂಬತ್ತು ವರ್ಷ ಕಳೆದಿದ್ದರೂ ಊರಿಗೆಲ್ಲ ಅವರು ಹೆಡ್‌ಮೇಷ್ಟ್ರೇ. ಯೋಧ ಸ್ಮಾರಕ ಸಮಿತಿಯ ಅಧ್ಯಕ್ಷರೆಂಬುದು ಅವರ ಲೆಟರ್‌ಹೆಡ್ಡಿಗೆ ಮಾತ್ರ ಗೊತ್ತಿದ್ದ ಸಂಗತಿ. ಪಹರೆಯ ಕಾನ್‌ಸ್ಟೇಬಲ್ ಬೆಂಚು ತೋರಿಸಿದ. ಅವರು ಕೂರಲಿಲ್ಲ.

“ಬೂಟು ಹೋಯ್ತು,” ಎಂದರು.

ಕಾನ್‌ಸ್ಟೇಬಲ್ ಅವರ ಪಾದ ನೋಡಿದ. ಎರಡರಲ್ಲೂ ಚಪ್ಪಲಿ ಇತ್ತು.

“ನಂದಲ್ಲಪ್ಪಾ! ಸ್ಮಾರಕದ್ದು. ನಮ್ಮ ಹುಡುಗನದ್ದು.”

ಒಳಗೆ ಡೈರಿ ನೋಡುತ್ತಿದ್ದ ಇನ್‌ಸ್ಪೆಕ್ಟರ್ ಆ ಮಾತು ಕೇಳಿ ಪೆನ್ನು ಕೆಳಗಿಟ್ಟು ಎದ್ದು ಬಂದರು. ನಮ್ಮ ಹುಡುಗ ಎಂದರೆ ಯಾರೆಂದು ಆ ಊರಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷದ ಹಿಂದಿನ ಯುದ್ಧದಲ್ಲಿ, ಮೊಣಕಾಲಿಗೆ ಗುಂಡು ತಗುಲಿ ಬಿದ್ದಿದ್ದ ಜೊತೆಗಾರನನ್ನು ಗುಂಡಿನ ಸುರಿಮಳೆಯ ನಡುವೆ ಮುನ್ನೂರು ಗಜ ಹೊತ್ತು ತಂದು, ಮತ್ತೊಬ್ಬನಿಗಾಗಿ ತಿರುಗಿ ಹೋಗಿ ಪ್ರಾಣ ಬಿಟ್ಟವನು. ಅವನ ಹೆಸರಿನ ಕಲ್ಲು ಬಸ್ ನಿಲ್ದಾಣದ ಎದುರಿಗಿತ್ತು. ಕಲ್ಲಿನ ಹಿಂದೆ ಒಂದು ಕೋಣೆ, ಕೋಣೆಯಲ್ಲೊಂದು ಗಾಜಿನ ಪೆಟ್ಟಿಗೆ. ಅದರಲ್ಲಿ ಪದಕ, ಕೈಗಡಿಯಾರ, ಒಂದು ಜೊತೆ ಬೂಟು. ಸ್ಮಾರಕ ಕಟ್ಟಿ ಶುಕ್ರವಾರಕ್ಕೆ ಹತ್ತು ವರ್ಷ ತುಂಬುತ್ತಿತ್ತು. ಸೇನೆಯ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು.

“ಪದಕ?” ಇನ್‌ಸ್ಪೆಕ್ಟರ್ ಕೇಳಿದರು.

“ಇದೆ.”

“ಗಡಿಯಾರ?”

“ಅದೂ ಇದೆ. ಬೂಟೊಂದೇ ಇಲ್ಲ.”

“ಬಾಗಿಲು ಒಡೆದಿದ್ದಾರಾ?”

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಇಲ್ಲ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.”

ಏಳು ನಲವತ್ತೈದಕ್ಕೆ ಎಫ್.ಐ.ಆರ್. ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದು ದಫೇದಾರರು ದುಂಡಗೆ ಬರೆದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವರ ಹೊಟ್ಟೆ ಬೆಳೆದಿತ್ತು, ಅಕ್ಷರ ಮಾತ್ರ ಹಾಗೇ ಉಳಿದಿತ್ತು.

ಎಂಟೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯವನೂ ಟಿಕೆಟ್ ಕೌಂಟರಿನವನೂ ಪಂಚರಾಗಿ ನಿಂತರು. ಗಾಜು ಬಿರುಕು ಬಿಟ್ಟಿರಲಿಲ್ಲ. ಚೌಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿ, ಗಾಜು ಸರಿಸಿ, ಬೂಟು ತೆಗೆದುಕೊಂಡು, ಗಾಜನ್ನು ಮೊದಲಿನಂತೆ ಕೂರಿಸಿ, ನಾಲ್ಕೂ ಸ್ಕ್ರೂಗಳನ್ನು ವಾಪಸ್ ಬಿಗಿದಿದ್ದರು. ಸಾಲದ್ದಕ್ಕೆ ಗಾಜನ್ನು ಒರೆಸಿಯೂ ಇದ್ದರು.

“ಇಂಥ ಕಳ್ಳ ನಮ್ಮ ಮನೆಗೂ ಒಂದು ಸಲ ಬರ್ಲಿ ಸರ್,” ಎಂದರು ದಫೇದಾರರು. “ಕದ್ದರೂ ಪರವಾಗಿಲ್ಲ, ಕಿಟಕಿ ಒರೆಸಿ ಹೋಗ್ತಾನಲ್ಲ.”

ಇನ್‌ಸ್ಪೆಕ್ಟರ್ ನಗಲಿಲ್ಲ. ಒಂದು ಸ್ಕ್ರೂವಿನ ತಲೆಯ ಗೆರೆಯಲ್ಲಿ ಕಪ್ಪಾದ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದರು. ಜೇನುಮೇಣ. ಪಾಲಿಶ್ ಬೆರೆತ ಮೇಣ, ಬೂಟು ಹೊಲಿಯುವ ದಾರಕ್ಕೆ ಹಚ್ಚುವಂಥದ್ದು.

“ಈ ಪೆಟ್ಟಿಗೆ ಕೊನೆಗೆ ತೆಗೆದದ್ದು ಯಾವಾಗ?”

“ಹೋದ ಬುಧವಾರ,” ಹೆಡ್‌ಮೇಷ್ಟ್ರು ಹೇಳಿದರು. “ಕಾರ್ಯಕ್ರಮ ಇದೆಯಲ್ಲ, ಬೂಟಿಗೆ ಪಾಲಿಶ್ ಹಾಕಿಸೋಣ ಅಂತ. ಹತ್ತು ವರ್ಷದಲ್ಲಿ ಅದೇ ಮೊದಲ ಸಲ ತೆಗೆದದ್ದು. ಸ್ಕ್ರೂ ಬಿಚ್ಚಿದ್ದೂ ನಾನೇ, ಹಾಕಿದ್ದೂ ನಾನೇ.”

“ಪಾಲಿಶ್ ಯಾರು ಮಾಡಿದ್ರು?”

“ಇನ್ಯಾರು? ಅವನ ಅಪ್ಪನೇ. ಬೂಟಜ್ಜ.”

“ಕೋಣೆಯ ಬೀಗದ ಕೈ ಎಷ್ಟಿವೆ?”

ಹೆಡ್‌ಮೇಷ್ಟ್ರು ಜೇಬಿನಿಂದ ತಮ್ಮ ಬೀಗದ ಕೈ ತೆಗೆದು ತೋರಿಸಿದರು. “ಎರಡು. ಒಂದು ನನ್ನ ಹತ್ರ. ಇನ್ನೊಂದು ಅವನ ತಾಯಿ ಹತ್ರ. ಪ್ರತಿ ಭಾನುವಾರ ಬಂದು ಗಾಜು ಒರೆಸಿ ಹೋಗ್ತಾಳೆ.” ಆಮೇಲೆ ದನಿ ತಗ್ಗಿಸಿದರು: “ಆ ಮನೆಗೊಂದು ಹೋಗಬೇಡಿ, ಸಾಹೇಬ್ರೇ. ಊರು ನಮ್ಮ ಮುಖಕ್ಕೆ ಉಗಿಯುತ್ತೆ.”

ದಫೇದಾರರಿಗೂ ಆ ಮನೆಯ ಕಡೆ ಹೋಗುವ ಮನಸ್ಸಿರಲಿಲ್ಲ. ಹಾಗಾಗಿ ಮೊದಲು ಗುಜರಿ ಅಂಗಡಿಯವನನ್ನು ಹಿಡಿದರು. ಅವನು ತಕ್ಕಡಿ ಬಿಟ್ಟು ಏಳದೆ ಹೇಳಿದ: “ದಫೇದಾರ್ರೇ, ಪಕ್ಕದಲ್ಲೇ ಪದಕ ಇಟ್ಟುಕೊಂಡು ಹಳೇ ಬೂಟು ಕದೀತೀನಾ? ನಾನು ಕಳ್ಳ ಅಂತ ಬೇಕಾದ್ರೆ ಅನ್ನಿ, ದಡ್ಡ ಅನ್ಬೇಡಿ. ಹೊಟ್ಟೆಪಾಡಿಗೆ ತೊಂದರೆ ಆಗುತ್ತೆ.”

ಬೂಟಜ್ಜನ ಅಂಗಡಿ ಅಂಚೆ ಕಚೇರಿಯ ಗೋಡೆಗೆ ಒತ್ತಿಕೊಂಡಿದ್ದ ಒಂದು ಮರದ ಗೂಡು. ಹನ್ನೊಂದು ಗಂಟೆಯಾದರೂ ಅದರ ಹಲಗೆ ತೆರೆದಿರಲಿಲ್ಲ. ಇನ್‌ಸ್ಪೆಕ್ಟರ್ ಸ್ವಲ್ಪ ಹೊತ್ತು ಅದರ ಮುಂದೆ ನಿಂತರು. ಈ ಊರಿಗೆ ವರ್ಗವಾಗಿ ಬಂದ ವಾರದಲ್ಲೇ ಅಟ್ಟೆ ಹಾಕಿಸಲು ಇಲ್ಲಿಗೆ ಬಂದಿದ್ದರು. ಅಜ್ಜ ಅವರ ಮುಖ ನೋಡುವ ಮೊದಲು ಬೂಟನ್ನು ತಿರುಗಿಸಿ ನೋಡಿ, “ಬಲಗಾಲಿನ ಮೇಲೆ ಭಾರ ಬಿಡ್ತೀರಿ. ಎಡ ಸೊಂಟ ನೋಯುತ್ತಾ ಸಾಹೇಬ್ರೇ?” ಎಂದಿದ್ದ. ನೋಯುತ್ತಿತ್ತು. ಹೆಂಡತಿಗೂ ಹೇಳಿರದ ನೋವು ಅದು.

ಬೂಟಜ್ಜನ ಹೆಂಡತಿ ಮನೆಯ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಹುಡುಗರ ಪ್ಯಾಂಟುಗಳ ಅಂಚು ಮಡಚುತ್ತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಆಮೇಲೆ ಮಾತಾಡಿದಳು.

“ಬೆಳಿಗ್ಗೆ ಆರೂ ಇಪ್ಪತ್ತರ ಬಸ್ಸಿಗೆ ಹೋದ್ರು. ಚರ್ಮ ತರ್ತೀನಿ ಅಂದ್ರು.”

“ಯಾವ ಊರಿಗೆ?”

“ಹೇಳ್ಲಿಲ್ಲ.”

“ಕೈಯಲ್ಲಿ ಏನಿತ್ತು?”

“ಚೀಲ.”

“ಸ್ಮಾರಕದ ಬೀಗದ ಕೈ?”

ಅವಳು ಬಾಗಿಲ ಹಿಂದಿನ ಮೊಳೆಯನ್ನು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ದಫೇದಾರರ ಕಡೆ ತಿರುಗಿ, “ನಿಮ್ಮ ಪ್ಯಾಂಟು ಹೊಲಿದವರು ಒಂದೇ ಕಾಲು ಅಳೆದಿದ್ದಾರೆ. ಎರಡೂ ಅಳೀಬೇಕು. ಯಾರ ಕಾಲೂ ಸಮ ಇರಲ್ಲ,” ಎಂದಳು. ದಫೇದಾರರು ತಮ್ಮ ಕಾಲು ನೋಡಿಕೊಂಡರು.

ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರ್ ಹೆಡ್‌ಮೇಷ್ಟ್ರನ್ನು ಮತ್ತೆ ಕರೆಸಿ ಎದುರಿಗೆ ಕೂರಿಸಿಕೊಂಡರು.

“ಪಾಲಿಶ್ ಮಾಡಿ ಬೂಟು ವಾಪಸ್ ಕೊಡುವಾಗ ಅಜ್ಜ ಏನಂದ?”

“ಏನೂ ಇಲ್ಲ.”

“ಮೇಷ್ಟ್ರೇ, ನಲವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವರು ನೀವು. ನಿಮಗೆ ಸುಳ್ಳು ಹೇಳೋಕೆ ಬರಲ್ಲ.”

ಹೆಡ್‌ಮೇಷ್ಟ್ರು ಮೇಜಿನ ಮೇಲಿನ ಪೇಪರ್‌ವೇಟನ್ನು ಎರಡು ಸುತ್ತು ತಿರುಗಿಸಿದರು. “ಇದು ನನ್ನ ಮಗನ ಬೂಟಲ್ಲ ಅಂದ.”

“ನೀವು?”

“ಹತ್ತು ವರ್ಷದಿಂದ ಊರಿನ ಮಕ್ಕಳೆಲ್ಲ ಸಾಲಾಗಿ ನಿಂತು ಸೆಲ್ಯೂಟ್ ಹೊಡೀತಾ ಇದ್ದಾರೆ, ಈಗ ಇಂಥ ಮಾತು ಆಡಬೇಡ ಅಂದೆ. ವಯಸ್ಸಾಗಿದೆ, ಕಣ್ಣು ಮಂಜಾಗಿದೆ ಅಂದೆ. ಅವನು ಸುಮ್ಮನೆ ಎದ್ದು ಹೋದ.” ಪೇಪರ್‌ವೇಟನ್ನು ಪಕ್ಕಕ್ಕೆ ಸರಿಸಿ, “ಭಾನುವಾರ ಮತ್ತೆ ಬಂದ. ಮಗ ಹೊತ್ತು ತಂದನಲ್ಲ, ಆ ಸೈನಿಕನ ವಿಳಾಸ ಬೇಕು ಅಂದ. ಉದ್ಘಾಟನೆಗೆ ನಾನು ಅವನನ್ನ ಕರೆದಿದ್ದೆ. ಬರಕ್ಕಾಗಲ್ಲ ಅಂತ ಕಾರ್ಡು ಹಾಕಿದ್ದ. ಕಾರ್ಡು ಕೊಟ್ಟೆ. ಬರ್ಕೊಂಡು ಹೋದ.”

“ಇದನ್ನ ದೂರಿನಲ್ಲಿ ಯಾಕೆ ಹೇಳ್ಲಿಲ್ಲ?”

“ದೂರು ಕೊಟ್ಟದ್ದು ಬೂಟು ಹೋಗಿದೆ ಅಂತ. ಯಾರ ಬೂಟು ಅಂತ ಕೇಳಿದ್ರೆ ನಾನು ಏನು ಹೇಳ್ಲಿ?”

ಬುಧವಾರ ಬೆಳಿಗ್ಗೆ ಏಳಕ್ಕೆ ಜೀಪು ಹೊರಟಿತು. ಕಾರ್ಡಿನಲ್ಲಿದ್ದ ಊರು ತಲುಪಿದಾಗ ಮಧ್ಯಾಹ್ನ ಒಂದು ನಲವತ್ತು. ಆ ಸೈನಿಕ ಈಗ ಗಡಿಯಾರ ರಿಪೇರಿ ಮಾಡಿಕೊಂಡಿದ್ದ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಗಡಿಯಾರ, ಒಂದಕ್ಕೊಂದು ತಾಳವಿಲ್ಲದ ಟಿಕ್ ಟಿಕ್. ಮೂಲೆಯಲ್ಲಿ ಎರಡು ಊರುಗೋಲು ಒರಗಿಸಿದ್ದವು. ಸ್ಟೂಲಿನ ಮೇಲೆ ಕೂತಿದ್ದವನ ಪ್ಯಾಂಟಿನ ಒಂದು ಕಾಲು ಮೊಣಕಾಲಿನ ಮೇಲೆ ಮಡಚಿ ಪಿನ್ನು ಹಾಕಿತ್ತು.

ಬೂಟಜ್ಜ ಒಳಗಿನ ಹೊಸ್ತಿಲ ಮೇಲೆ ಕೂತಿದ್ದ. ಅವನ ಮಡಿಲಲ್ಲಿ ಒಂದು ಜೊತೆ ಬೂಟು, ಪಕ್ಕದ ನೆಲದ ಮೇಲೆ ಇನ್ನೊಂದು ಜೊತೆ. ನೆಲದ ಮೇಲಿನದು ಫಳಫಳ ಹೊಳೆಯುತ್ತಿತ್ತು. ಮಡಿಲಿನದು ಬೂಷ್ಟು ಹಿಡಿದು ಒಣಗಿ ಹಸಿರು ಬಿಳಿಯಾಗಿತ್ತು.

“ಬಂದ್ರಾ ಸಾಹೇಬ್ರೇ,” ಎಂದ, ಕಾಯುತ್ತಿದ್ದವನ ಹಾಗೆ. “ನಾಳೆ ನಾನೇ ಬರೋನಿದ್ದೆ. ಎಣ್ಣೆ ಕುಡೀಲಿ ಅಂತ ಇಟ್ಟಿದ್ದೆ. ಚರ್ಮ ಬಿರುಕು ಬಿಟ್ಟಿದೆ.”

“ಸ್ಮಾರಕದ ಬೂಟು ಯಾವುದು?”

ಅಜ್ಜ ನೆಲದ ಮೇಲಿನದನ್ನು ತೋರಿಸಿದ.

“ನೀವೇ ತಗೊಂಡು ಬಂದದ್ದಾ?”

“ಹೌದು. ಸೋಮವಾರ ಸಂಜೆ ನಾಲ್ಕಕ್ಕೆ. ಜನ ಇದ್ದಾಗ್ಲೇ. ಬೂಟಜ್ಜ ಬೂಟಿನ ಹತ್ರ ಕೂತಿದ್ರೆ ಯಾರು ಕೇಳ್ತಾರೆ?”

“ಮಡಿಲಲ್ಲಿ ಇರೋದು?”

ಉತ್ತರ ಕೊಟ್ಟವನು ಗಡಿಯಾರದವನು. “ಹನ್ನೆರಡು ವರ್ಷದಿಂದ ನಮ್ಮ ಅಟ್ಟದ ಮೇಲಿತ್ತು ಸರ್. ಆಸ್ಪತ್ರೆಯಿಂದ ನನ್ನ ಸಾಮಾನು ಅಂತ ಒಂದು ಚೀಲ ಕಳಿಸಿದ್ರು. ಒಳಗೆ ಒಂದು ಜೊತೆ ಬೂಟಿದೆ ಅಂತ ಮುಟ್ಟಿದಾಗಲೇ ಗೊತ್ತಾಯ್ತು. ಬಿಚ್ಚಲಿಲ್ಲ. ಒಂದು ಕಾಲಿನವನು ಎರಡು ಬೂಟು ನೋಡಿ ಏನು ಮಾಡ್ಲಿ? ನಿನ್ನೆ ಇವರು ಬಂದು ಬಿಚ್ಚಿದ್ರು. ಅವತ್ತು ನಮ್ಮಿಬ್ಬರನ್ನೂ ಒಂದೇ ಡೇರೆಗೆ ತಂದು ಹಾಕಿದ್ರು. ನಾನು ಮಂಚದ ಮೇಲೆ, ಅವನು ನೆಲದ ಮೇಲೆ. ಬೂಟು ಬಿಚ್ಚಿದವರು ಯಾರೋ, ಚೀಟಿ ಕಟ್ಟಿದವರು ಯಾರೋ.”

“ನಿಮ್ಮ ಮಗನದೇ ಅಂತ ಹೇಗೆ ಹೇಳ್ತೀರಿ ಅಜ್ಜ? ಎರಡೂ ಸರ್ಕಾರಿ ಬೂಟು, ಎರಡೂ ಎಂಟನೇ ನಂಬರು.”

ಬೂಟಜ್ಜ ಎಡಗಾಲಿನ ಬೂಟಿನೊಳಕ್ಕೆ ಎರಡು ಬೆರಳು ಹಾಕಿ ಒಳಅಟ್ಟೆಯನ್ನು ಮೇಲೆತ್ತಿದ. ಅದರ ಕೆಳಗೆ, ಹಿಮ್ಮಡಿಯ ಜಾಗದಲ್ಲಿ, ಇನ್ನೊಂದು ಚರ್ಮದ ಚೂರಿತ್ತು. ಹಿಂದೆ ದಪ್ಪ, ಮುಂದಕ್ಕೆ ಬರಬರುತ್ತ ತೆಳು. ಅಂಚನ್ನು ಎಷ್ಟು ನಯವಾಗಿ ಸವರಿದ್ದನೆಂದರೆ ಇದೆಯೆಂದು ಗೊತ್ತಿಲ್ಲದವರ ಕೈಗೆ ಅದು ಸಿಗುತ್ತಿರಲಿಲ್ಲ.

“ಮೂರು ನೂಲು,” ಎಂದ. ಇಂಚಿಗೆ ಎಂಟು ನೂಲಿನ ಹಳೆಯ ಅಳತೆಯಲ್ಲೇ ಅವನ ಬದುಕು ಕಳೆದಿತ್ತು. “ಹುಟ್ಟುತ್ತಲೇ ಅವನ ಎಡಗಾಲು ಅಷ್ಟು ಗಿಡ್ಡ. ನಡೆದರೆ ಯಾರಿಗೂ ಕಾಣ್ತಿರ್ಲಿಲ್ಲ. ಓಡಿದ್ರೆ ಕಾಣ್ತಿತ್ತು.”

ಗೋಡೆಯ ಗಡಿಯಾರವೊಂದು ಎರಡು ಹೊಡೆಯಿತು. ಸ್ವಲ್ಪ ತಡವಾಗಿ ಇನ್ನೊಂದು.

“ಸೇನೆಗೆ ಸೇರ್ತೀನಿ ಅಂತ ಕೂತ. ಅವರಮ್ಮನಿಗೆ ಇಷ್ಟ ಇರ್ಲಿಲ್ಲ. ಆದ್ರೂ ಬೇಡ ಅನ್ನಲಿಲ್ಲ, ಆಯ್ಕೆಯ ಓಟದಲ್ಲಿ ಹೇಗಿದ್ರೂ ಹಿಂದೆ ಬೀಳ್ತಾನೆ, ಮನೆಗೆ ಬರ್ತಾನೆ ಅಂತ ಸಮಾಧಾನವಾಗಿದ್ಲು. ಓಟದ ಹಿಂದಿನ ದಿನ ಅಂಗಡಿಗೆ ಬಂದ. ‘ಅಪ್ಪಾ, ಏನಾದ್ರೂ ಮಾಡು’ ಅಂದ. ಅಷ್ಟೇ ಅಂದದ್ದು. ಕೂತು ಕತ್ತರಿಸಿ ಕೊಟ್ಟೆ. ನೂರಾ ಹತ್ತು ಜನರಲ್ಲಿ ನಾಲ್ಕನೆಯವನಾಗಿ ಬಂದ. ಕಾಲು ಅಳೀಬೇಕಾಗಿದ್ದ ಡಾಕ್ಟರು ಅಳೀಲಿಲ್ಲ. ಆಮೇಲೆ ರಜೆಗೆ ಬಂದಾಗಲೆಲ್ಲ ಹೊಸ ಚೂರು ಹಾಕಿ ಕೊಡ್ತಿದ್ದೆ. ಇದು ಕೊನೇದು.”

“ಅಜ್ಜಿಗೆ ಗೊತ್ತಾ?”

“ಇಲ್ಲ ಸಾಹೇಬ್ರೇ. ದೇವರು ಕಳಿಸಿದ ಅಂದ್ಕೊಂಡಿದ್ದಾಳೆ. ಕಳಿಸಿದ್ದು ನಾನು.”

ಗಡಿಯಾರದವನು ಭೂತಗನ್ನಡಿ ಕಳಚಿ ಮೇಜಿನ ಮೇಲಿಟ್ಟ. “ಅಜ್ಜ, ನಿನ್ನೆಯಿಂದ ಹೇಳ್ತಾ ಇದ್ದೀನಿ. ಮುನ್ನೂರು ಗಜ ಅವನ ಬೆನ್ನ ಮೇಲಿದ್ದೆ ನಾನು. ಒಂದು ಹೆಜ್ಜೆನೂ ಎಡವಲಿಲ್ಲ. ಆ ಚೂರು ಇಲ್ಲದಿದ್ರೆ ನಾನು ಈ ಸ್ಟೂಲಿನ ಮೇಲೆ ಇರ್ತಿರಲಿಲ್ಲ.”

“ನೀನಿದ್ದೀಯಲ್ಲಪ್ಪಾ, ಸಂತೋಷ,” ಎಂದ ಬೂಟಜ್ಜ, ಕಹಿಯಿಲ್ಲದೆ. “ಅದು ಇಲ್ಲದಿದ್ರೆ ಅವನೂ ಇರ್ತಿದ್ದ. ನನ್ನ ಪಕ್ಕ ಕೂತು ಚಪ್ಪಲಿ ಉಂಗುಷ್ಟ ಹೊಲೀತಿದ್ದ.”

ಬೂಟಜ್ಜ ಬೂಟನ್ನು ತಿರುಗಿಸಿ ಸವೆದ ಅಟ್ಟೆಯ ಮೇಲೆ ಹೆಬ್ಬೆರಳು ಸವರಿದ. “ಫೋಟೋದಲ್ಲಿ ಮುಖ ಇದೆ ಸಾಹೇಬ್ರೇ. ನಡಿಗೆ ಇಲ್ಲಿ ಮಾತ್ರ ಉಳಿದಿತ್ತು. ಅದು ಮಗ ಹೊತ್ತು ತಂದವನದ್ದರ ಜೊತೆಗೇ ಅದಲುಬದಲಾಗಿರಬೇಕು ಅನ್ನಿಸಿದ್ಮೇಲೆ ಕೂರೋಕೆ ಆಗಲಿಲ್ಲ, ಇವನದನ್ನ ಇವನಿಗೆ ಕೊಟ್ಟು ನಮ್ಮದನ್ನ ತರೋಣ ಅಂತ ಬಂದೆ.”

ಎರಡು ಇಪ್ಪತ್ತೈದಕ್ಕೆ ಬಂಧನವಾಯಿತು. ಪಕ್ಕದ ಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಜಪ್ತಿ ಪಂಚನಾಮೆ ಬರೆಯಲು ಕೂತ ದಫೇದಾರರು, ಹೊಳೆಯುತ್ತಿದ್ದ ಜೊತೆಗೆ ಚೀಟಿ ಕಟ್ಟಿ ಅರಗು ಒತ್ತಿದರು. ಮಡಿಲಿನ ಜೊತೆಯ ಕಡೆ ನೋಡಿ ತಲೆ ಕೆರೆದುಕೊಂಡರು.

“ಸರ್, ಇದು? ಆ ಚೂರು?”

“ದೂರಿನಲ್ಲಿ ಇದೆಯಾ?”

“ಇಲ್ಲ.”

“ಮತ್ತೆ? ದೂರಿನಲ್ಲಿ ಇಲ್ಲದ್ದನ್ನ ನಾವ್ಯಾಕೆ ಮುಟ್ಟೋಣ? ಅದು ಅಜ್ಜನ ಸ್ವಂತದ್ದು.”

ಬೂಟಜ್ಜನ ಕೈಗೆ ಕೋಳ ತೊಡಿಸಲಿಲ್ಲ. ಎರಡೂ ಕೈಯಲ್ಲಿ ಮಗನ ಬೂಟನ್ನು ಅಪ್ಪಿಕೊಂಡಿದ್ದ. ತೊಡಿಸಲು ಜಾಗವೂ ಇರಲಿಲ್ಲ. ದಾರಿಯಲ್ಲಿ ಒಮ್ಮೆ ಮಾತ್ರ ಬಾಯಿ ತೆರೆದ: “ಹೇಳಿಕೆ ಅಂತ ಬರೆದು ಓದ್ತೀರಲ್ಲ, ಅವಳ ಎದುರಿಗೆ ಚೂರಿನ ವಿಷಯ ಓದಬೇಡಿ. ಕಳ್ಳ ಅನ್ನಲಿ. ಅದಕ್ಕೆ ನಾನು ತಯಾರು.”

ಗುರುವಾರ ಬೆಳಿಗ್ಗೆ ಎಂಟಕ್ಕೆ ಹೆಡ್‌ಮೇಷ್ಟ್ರು ಓಡೋಡಿ ಬಂದು ದೂರು ವಾಪಸ್ ಬೇಕೆಂದರು.

“ಎಫ್.ಐ.ಆರ್. ಆದ್ಮೇಲೆ ವಾಪಸ್ ತಗೊಳ್ಳೋಕೆ ಇದು ಅಂಗಡಿ ಸಾಮಾನಲ್ಲ ಮೇಷ್ಟ್ರೇ,” ಎಂದರು ದಫೇದಾರರು. “ಹನ್ನೊಂದಕ್ಕೆ ಕೋರ್ಟು. ಅಲ್ಲಿಗೆ ಬಂದು ಜಾಮೀನಿಗೆ ಸಹಿ ಹಾಕಿ. ಅದಾದ್ರೂ ಮಾಡಿ.”

ಹೆಡ್‌ಮೇಷ್ಟ್ರು ಬೆಂಚಿನ ಮೇಲೆ ಕೂತುಬಿಟ್ಟರು. ಅವರ ಹಿಂದೆಯೇ ಬೂಟಜ್ಜನ ಹೆಂಡತಿ ಬಂದಳು. ಗಂಡನ ಕನ್ನಡಕ, ಒಗೆದು ಮಡಚಿದ ಅಂಗಿ ತಂದಿದ್ದಳು. ಲಾಕಪ್ಪಿನ ಕಡೆ ಕಣ್ಣು ಹಾಯಿಸಿದಳು. ಬೂಟಜ್ಜ ಗೋಡೆಗೊರಗಿ ನಿದ್ದೆ ಹೋಗಿದ್ದ, ಬೂಟು ಎದೆಯ ಮೇಲಿತ್ತು. ಅವಳು ಅವನನ್ನು ಎಬ್ಬಿಸದೆ ಇನ್‌ಸ್ಪೆಕ್ಟರ್ ಕೋಣೆಗೆ ಬಂದು ನಿಂತಳು.

“ಕೂತ್ಕೊಳ್ಳಿ ಅಮ್ಮ. ನಿಮ್ಮ ಯಜಮಾನ್ರು ಮಗನ ಬೂಟು ಹುಡುಕಿಕೊಂಡು ಹೋಗಿದ್ರು. ಪೆಟ್ಟಿಗೇಲಿ ಇದ್ದದ್ದು ಬೇರೆಯವರದ್ದು.”

“ಅದರೊಳಗೆ ಚೂರು ಇದೆಯಾ?”

ಇನ್‌ಸ್ಪೆಕ್ಟರ್ ತಲೆಯೆತ್ತಿದರು.

“ಎಡಗಾಲಿನದರಲ್ಲಿ,” ಎಂದಳು.

“ಇದೆ.”

ಅವಳು ಅಂಗಿಯ ಮಡಿಕೆಯನ್ನು ಸರಿಪಡಿಸಿದಳು. “ಮೊದಲ ರಜೆಗೆ ಬಂದಾಗ ಯೂನಿಫಾರಂ ಪ್ಯಾಂಟಿನ ಅಂಚು ಮಡಚು ಅಂತ ಕೊಟ್ಟ. ಸಣ್ಣ ಮಗುವಿನಿಂದ ಮಾಡಿದ ಹಾಗೇ ಎಡಗಡೆ ಮೂರು ನೂಲು ಹೆಚ್ಚು ಮಡಚಿದೆ. ಬೂಟು ಹಾಕ್ಕೊಂಡು ಬಂದು ನಿಂತ. ಎಡಗಡೆ ಎತ್ತರ ಎತ್ತರ ಕಾಣ್ತು. ‘ಈಗ ಎರಡೂ ಸಮ ಇರಲಿ ಅಮ್ಮ’ ಅಂದ.” ಅಂಗಿಯನ್ನು ಮೇಜಿನ ಮೇಲಿಟ್ಟಳು. “ಇಪ್ಪತ್ತು ತುಂಬಿದವನಿಗೆ ಕಾಲು ಬೆಳೆಯುತ್ತಾ ಸಾಹೇಬ್ರೇ? ಈ ಊರಲ್ಲಿ ಬೂಟಿನೊಳಗೆ ಕಾಲು ಬೆಳೆಸೋರು ಇನ್ಯಾರಿದ್ದಾರೆ?”

“ಆಗಿಂದ ಗೊತ್ತಿತ್ತಾ? ಒಂದು ಸಲಾನೂ ಕೇಳ್ಲಿಲ್ವಾ?”

“ಬೈಯೋಣ ಅಂದ್ಕೊಂಡಿದ್ದೆ. ಮುಂದಿನ ರಜೆಗೆ ಮಗ ಬಂದಾಗ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಬೈಯೋಣ ಅಂತ. ಹಾಗೇ ಮುಂದಕ್ಕೆ ಹೋಯ್ತು. ಆಮೇಲೆ ಬೈಯೋ ಮಾತೇ ಉಳಿಯಲಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನನಗೆ ಗೊತ್ತು ಅಂತ ಅವರಿಗೆ ಹೇಳ್ಬೇಡಿ. ನನ್ನಿಂದ ಮುಚ್ಚಿಟ್ಟಿದ್ದೀನಿ ಅನ್ನೋ ಒಂದು ಧೈರ್ಯದ ಮೇಲೆ ಹನ್ನೆರಡು ವರ್ಷ ಎದ್ದು ಅಂಗಡಿಗೆ ಹೋಗಿದ್ದಾರೆ. ಅದೂ ಹೋದ್ರೆ ಏಳಲ್ಲ.”

ಹನ್ನೊಂದೂವರೆಗೆ ಜಾಮೀನಾಯಿತು. ಕೇಸಿನ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ತಾವೇ ಬರೆದರು: ‘ಅದಲುಬದಲಾಗಿದ್ದ ಮೃತ ಮಗನ ಬೂಟನ್ನು ಹುಡುಕುವ ಸಲುವಾಗಿ.’ ಮತ್ತೊಮ್ಮೆ ಓದಿ, ಇನ್ನೊಂದು ಸಾಲು ಬರೆಯಲು ಪೆನ್ನು ಊರಿ, ಬರೆಯದೆ ಮುಚ್ಚಳ ಹಾಕಿದರು.

ಅರಗು ಒತ್ತಿದ ಬೂಟು ಸಾಕ್ಷ್ಯದ ಮುದ್ದೆಮಾಲಾಗಿ ಕೋರ್ಟಿನ ಕಪಾಟು ಸೇರಿತು. ಶುಕ್ರವಾರ ಬೆಳಿಗ್ಗೆ ಹೆಡ್‌ಮೇಷ್ಟ್ರು ಬೂಟಿಲ್ಲದ ಪೆಟ್ಟಿಗೆಯ ಮುಂದೆ ಕೈ ಕಟ್ಟಿ ನಿಂತಿದ್ದಾಗ ಬೂಟಜ್ಜನೇ ಬಂದು, ಎಣ್ಣೆ ಕುಡಿದು ಮೆತ್ತಗಾಗಿದ್ದ ಮಗನ ಬೂಟನ್ನು ಅವರ ಕೈಗಿತ್ತ. ಅವರು ಬಾಯಿ ತೆರೆಯುವ ಮೊದಲೇ ತಿರುಗಿ ಬಾಗಿಲ ಬಳಿ ಹೋಗಿ ನಿಂತುಕೊಂಡ.

ಹತ್ತಕ್ಕೆ ಸೇನೆಯ ಅಧಿಕಾರಿ ಬಂದು ಸೆಲ್ಯೂಟ್ ಹೊಡೆದರು. ಮಕ್ಕಳು ಸಾಲಾಗಿ ಹೊಡೆದರು. ಬಂದೋಬಸ್ತಿನಲ್ಲಿದ್ದ ಇನ್‌ಸ್ಪೆಕ್ಟರ್ ಹಿಂದಿನ ಗೋಡೆಗೆ ನಿಂತು, ಎಡ ಸೊಂಟದ ಮೇಲೆ ಕೈಯಿಟ್ಟುಕೊಂಡು, ಜನವೆಲ್ಲ ಹೋಗುವವರೆಗೆ ಕಾದರು. ಕೊನೆಗೆ ಕೋಣೆಯಲ್ಲಿ ಅವರ ಮುಂದೆ ಬೂಟಜ್ಜ, ಅವನ ಹೆಂಡತಿ ಇಬ್ಬರೇ ಉಳಿದರು. ಅವಳು ಮಕ್ಕಳ ಬೆರಳಚ್ಚು ಬಿದ್ದಿದ್ದ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಅವನು ಬಾಗಿಲ ಬಳಿಯಿಂದ ನೋಡುತ್ತಿದ್ದ. ಎಡ ಬೂಟಿನ ನೇರಕ್ಕೆ ಬಂದಾಗ ಅವಳ ಕೈ ತುಸು ನಿಧಾನವಾಯಿತು. ಅವನೂ ಅಲ್ಲಿಗೇ ಕಣ್ಣು ನೆಟ್ಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.